ನಾಲಿಗೆ ಎಡವದ ವಾಕ್ಯ

ಜೂನ್ 3, ಸೋಮವಾರ

ಇಲಾಖೆ ಕೊಟ್ಟ ಮಾತು: ಶಾಲೆಯ ಅಡುಗೆಮನೆ ಮುಚ್ಚುವುದಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಬಿಸಿ ಊಟ ತಪ್ಪುವುದಿಲ್ಲ. ಆರೋಗ್ಯ ಇಲಾಖೆ ಹೊರತರುವ ಆಹಾರ ಸಲಹೆಯ ಪುಸ್ತಿಕೆಯಲ್ಲಿ ಪೊಟ್ಟಣದ ತಿಂಡಿಯ ವಿಷಯ ಇದ್ದದ್ದು ಇದ್ದ ಹಾಗೆ ಇರುತ್ತದೆ. ಅದನ್ನು ಬರೆಯುವ ಸಮಿತಿಯಲ್ಲಿ ಅಡುಗೆಯವರಿಗೂ ಒಂದು ಕುರ್ಚಿ. ಆ ಮೇಜಿಗೆ ಯಾವ ಕಂಪನಿಯವನೂ ಕೂರುವುದಿಲ್ಲ.

ನಿರಾಕರಿಸಿದ್ದು: ಎರಡನೇ ಕುರ್ಚಿ. ಕರಡನ್ನು ಮನೆಗೆ ಒಯ್ಯುವ ಅವಕಾಶ. ಸಭೆಯ ಖರ್ಚು ಯಾರದು ಎಂಬ ಪ್ರಶ್ನೆಗೆ ಉತ್ತರ.

ಇಷ್ಟು ಗಿಟ್ಟಿಸಲು ಅಡುಗೆಯ ಹೆಂಗಸರೆಲ್ಲ ಸೌಟು ಹಿಡಿದು ಇಲಾಖೆಯ ಗೇಟಿನ ಮುಂದೆ ಬಿಸಿಲು ಕುಡಿದಿದ್ದೇವೆ. ಕುರ್ಚಿಗೆ ನನ್ನನ್ನೇ ಆರಿಸಿದರು. ನಮ್ಮ ಶಾಲೆಯ ದೊಡ್ಡ ಒಲೆಯ ಒಡತಿ ಗುಂಡಕ್ಕ ತೀರ್ಪು ಕೊಟ್ಟಳು: "ಒಂದೇ ಕುರ್ಚಿ ಸಾಕು ಬಿಡ್ರೇ. ಇವಳ ಗಂಟಲಿಗೆ ಇನ್ನೊಂದು ಕುರ್ಚಿ ಬೇರೆ ಬೇಕಾ?" ಅಡುಗೆಯವರ ಸಂಘದಲ್ಲಿ ನನ್ನನ್ನು ಮೈಕಮ್ಮ ಎಂದೇ ಕರೆಯುತ್ತಾರೆ. ಮೆರವಣಿಗೆಯ ಮುಂದೆ ನಾನು ಕೂಗಿದರೆ ಬಾಲಕ್ಕೆ ಕೇಳುತ್ತದೆ.

ವಿಷಯ ಸರಳ. ಪೊಟ್ಟಣ ಊಟಕ್ಕೆ ಸಮ ಎಂದು ಪುಸ್ತಿಕೆ ಹೇಳಿತೋ, ಮರುದಿನವೇ ಅಡುಗೆಮನೆಗೆ ಬೀಗ, ಗೇಟಿಗೆ ಪೊಟ್ಟಣದ ಲಾರಿ. ನಮ್ಮ ಕೆಲಸವೊಂದೇ ಅಲ್ಲ, ಊರಿನ ಮಕ್ಕಳ ಹೊಟ್ಟೆಯನ್ನೇ ಗುತ್ತಿಗೆಗೆ ಕೊಟ್ಟ ಹಾಗೆ. ಆ ಮಕ್ಕಳಲ್ಲಿ ನನ್ನದೂ ಒಂದಿದೆ.

ಜೂನ್ 5, ಬುಧವಾರ

ಮೊದಲ ಸಭೆ. ಇಲಾಖೆಯ ಮೂರನೇ ಮಹಡಿ. ಕಿಟಕಿಗೆ ಚಿಲಕವೇ ಇಲ್ಲ, ಗಾಜನ್ನು ಗೋಡೆಗೆ ಅಂಟಿಸಿಬಿಟ್ಟಿದ್ದಾರೆ. ಒಳಗೆ ಹೋದರೆ ಈಗಷ್ಟೇ ಏನೋ ಬೆಂದ ಸಿಹಿ ವಾಸನೆ. ಒಲೆ ಮುಂದೆ ಆಯುಸ್ಸು ಕಳೆದವಳು ನಾನು. ವಾಸನೆ ಬಂದರೆ ಬೆಂಕಿ ಎಲ್ಲಿದೆ ಎಂದು ಹುಡುಕುತ್ತೇನೆ. ಆ ಕಟ್ಟಡದಲ್ಲಿ ಒಲೆ ಇಲ್ಲ, ಕ್ಯಾಂಟೀನೂ ಇಲ್ಲ. ಪ್ರತಿಯೊಬ್ಬರ ಮುಂದೆ ಒಂದು ತಟ್ಟೆ ಬಿಸ್ಕತ್ತು, ಒಂದು ಬಾಟಲಿ ಬಣ್ಣದ ಪಾನೀಯ.

"ನೀರಿಲ್ವಾ?" ಅಂದೆ.

"ಇದೂ ನೀರೇ ಅಮ್ಮ. ಇನ್ನೂ ಚೆನ್ನಾಗಿರೋ ನೀರು."

ಹಾಗೆಂದವನು ಸಭೆಯುದ್ದಕ್ಕೂ ಕೂರಲಿಲ್ಲ. ಮಾತು ಕೊಟ್ಟಂತೆ ಕಂಪನಿಯವನು ಯಾರೂ ಮೇಜಿಗೆ ಕೂತಿಲ್ಲ. ಇವನು ಮೇಜಿನ ಸುತ್ತ ನಡೆಯುತ್ತಾನೆ, ಅಷ್ಟೆ! ಭಾಷಾ ಸಲಹೆಗಾರನಂತೆ. ಕಳಿಸಿದ್ದು ಯಾವುದೋ ಆಹಾರ ಜಾಗೃತಿ ಪ್ರತಿಷ್ಠಾನ. ಮುಖಕ್ಕೆ ಇಸ್ತ್ರಿ ಹಾಕಿದ ಹಾಗಿದೆ, ಬೂಟಿಗೆ ಸದ್ದೇ ಇಲ್ಲ. ನುಣುಪಪ್ಪ ಎಂದು ಹೆಸರಿಟ್ಟೆ.

ಕೆಲಸದ ವಿಧಾನ ಅವನದೇ. ಕರಡಿನಿಂದ ಒಬ್ಬೊಬ್ಬರು ಒಂದೊಂದು ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ನಾಲಿಗೆ ಎಡವಿದರೆ ಆ ವಾಕ್ಯ ಜನರಿಗೆ ಕಷ್ಟ ಎಂದು ಅರ್ಥ. ಪೆನ್ಸಿಲಿನ ಗುರುತು ಬೀಳುತ್ತದೆ, ಮುಂದಿನ ವಾರ ಅದು ಮೆತ್ತಗಾಗಿ ಬರುತ್ತದೆ. ವಾದವಿಲ್ಲ, ಮತವಿಲ್ಲ.

ಹೊರಗೆ ಹೇಳುವ ಮಾತಲ್ಲ, ವಿಧಾನ ನನಗೆ ಹಿಡಿಸಿತು. ನಾವು ಘೋಷಣೆ ಕಟ್ಟುವುದೂ ಹೀಗೇ. ನಾಲಿಗೆಗೆ ಸಿಗದ ಮಾತು ಮೆರವಣಿಗೆ ಎರಡನೇ ತಿರುವು ದಾಟುವಷ್ಟರಲ್ಲಿ ಸತ್ತಿರುತ್ತದೆ. ಎಡವುವುದಿದ್ದರೆ ಆ ದೊಡ್ಡ ಮನುಷ್ಯರು ಎಡವಲಿ. ನನ್ನ ಬಾಯಿ ಎಡವಿದ್ದನ್ನು ಯಾರು ಕಂಡಿದ್ದಾರೆ?

ಬಿಸ್ಕತ್ತು ಮುಟ್ಟಲಿಲ್ಲ. ಮೂಲೆಯಲ್ಲಿದ್ದ ರಾಶಿಯಿಂದ ಒಂದು ಪೊಟ್ಟಣ ಗುಂಡಕ್ಕನಿಗೆ ತೋರಿಸಲು ಚೀಲಕ್ಕೆ ಹಾಕಿಕೊಂಡೆ.

ಜೂನ್ 12, ಬುಧವಾರ

ಸಮಿತಿಯ ಅಧ್ಯಕ್ಷರು ಮಕ್ಕಳ ಡಾಕ್ಟರು. ಬಿಳಿ ತಲೆ, ಮೂಗಿನ ತುದಿಯಲ್ಲಿ ಸಿಟ್ಟು, ನ್ಯಾಯದ ಮನುಷ್ಯ. ನಮ್ಮ ಒಲೆಯನ್ನು ಉಳಿಸುವ ವಾಕ್ಯ ಅವರದೇ: "ಪೊಟ್ಟಣದ ತಿಂಡಿ ಊಟವಲ್ಲ, ಅದರಲ್ಲಿ ಸಕ್ಕರೆ, ಉಪ್ಪು, ಎಣ್ಣೆ ಮಿತಿಮೀರಿವೆ, ಮಕ್ಕಳಿಗೆ ಊಟದ ಬದಲು ಅದನ್ನು ಕೊಡಬೇಡಿ."

ಇವತ್ತು ಸರದಿಯಲ್ಲಿ ಆ ವಾಕ್ಯ ಅವರಿಗೇ ಬಂತು. ಆಗಷ್ಟೇ ಬಿಸ್ಕತ್ತು ಕಡಿದಿದ್ದರು, ತುಟಿಯ ಮೇಲೆ ಹುಡಿ. "ಅದರಲ್ಲಿ ಸ..." ಅಂದರು. ನಾಲಿಗೆ ಅಂಗುಳಿಗೆ ಅಂಟಿತು. "ಸ... ಸ..."

ನುಣುಪಪ್ಪ ಅವರ ಭುಜದ ಮೇಲೆ ಬಾಗಿದ. "ಪರವಾಗಿಲ್ಲ ಸಾರ್. ಬರೆದ ನಿಮಗೇ ಇಷ್ಟು ಕಷ್ಟ ಆದ್ರೆ, ಪಾಪ, ಜನಕ್ಕೆ?" ಪೆನ್ಸಿಲು ಓಡಿತು.

ನಾನು ಎದ್ದು ನಿಂತೆ. "ಅವರ ಬಾಯಲ್ಲಿ ಹಿಟ್ಟು ಮೆತ್ಕೊಂಡಿದ್ರೆ ವಾಕ್ಯ ಏನ್ರೀ ತಪ್ಪು ಮಾಡ್ತು? ಒಂದ್ ಲೋಟ ನೀರು ಕೊಡಿ, ಇನ್ನೊಂದ್ಸಲ ಓದ್ತಾರೆ."

ಸಾವಿನ ಮನೆಯಲ್ಲಿ ಸೀಟಿ ಹೊಡೆದವಳನ್ನು ನೋಡುವ ಹಾಗೆ ಎಲ್ಲರೂ ನೋಡಿದರು.

"ಎರಡನೇ ಸಲ ಓದೋ ಪದ್ಧತಿ ಇಲ್ಲ ಅಮ್ಮ," ಅಂದ ನುಣುಪಪ್ಪ. "ಜನ ಒಂದೇ ಸಲ ಓದೋದು."

ಡಾಕ್ಟರು ತಮ್ಮ ಕೈಬರಹವನ್ನು ಬೇರೆ ಯಾರೋ ಬರೆದದ್ದೆಂಬಂತೆ ದಿಟ್ಟಿಸುತ್ತಿದ್ದರು.

ಜೂನ್ 13, ಗುರುವಾರ

ತರಕಾರಿ ಹೆಚ್ಚುತ್ತ ಗುಂಡಕ್ಕನಿಗೆ ಎಲ್ಲ ಹೇಳಿದೆ. "ತನ್ನ ಮಾತು ತನ್ನ ಬಾಯಿಗೇ ಬೇಡ್ವಾಯ್ತಾ? ಎಂಥಾ ಮನೆ ಹೊಕ್ಕಿದೀಯೇ ನೀನು!" ಅಂದಳು. ನಾನು ತಂದ ಪೊಟ್ಟಣ ಬಿಚ್ಚಿ ಹಿತ್ತಿಲ ನಾಯಿಗೆ ಒಂದು ಬಿಸ್ಕತ್ತು ಎಸೆದಳು. ನಾಯಿ ಮೂಸಿತು, ಹಿಂದೆ ಸರಿಯಿತು, ಬಿಸ್ಕತ್ತಿಗೆ ಬೊಗಳಿತು.

ಗುಂಡಕ್ಕನಿಗೆ ಓದು ಬರಹ ಇಲ್ಲ. ಪೊಟ್ಟಣವನ್ನು ನನ್ನ ಮಗಳ ಕೈಗೆ ಕೊಟ್ಟಳು. ಮಗಳಿಗೆ ಹತ್ತು ವರ್ಷ, ಮನೆಯಲ್ಲೂ ಶಾಲೆಯಲ್ಲೂ ಕಿರಿಕ್ ಎಂದೇ ಹೆಸರು. ಸೊಪ್ಪು ಹಾಕಿದರೆ ಬೇಳೆ ಎಲ್ಲಿ, ಬೇಳೆ ಹಾಕಿದರೆ ಸೊಪ್ಪು ಎಲ್ಲಿ ಎನ್ನುವ ಪೈಕಿ. ಹಿಂಬದಿಯ ಇರುವೆಯಂಥ ಅಕ್ಷರಗಳನ್ನು ಓದಿ ಹೇಳಿದಳು: ಆಹಾರ ಜಾಗೃತಿ ಪ್ರತಿಷ್ಠಾನವನ್ನು ನಡೆಸುವುದೇ ಆ ಬಿಸ್ಕತ್ತಿನ ಕಂಪನಿ.

"ಸರಿ ಹೋಯ್ತು," ಅಂದಳು ಗುಂಡಕ್ಕ. "ಕುರಿ ಎಣಿಸಕ್ಕೆ ತೋಳನ್ನ ಕೂರಿಸಿದಾರೆ."

"ಕೂರಿಸಿಲ್ಲ ಗುಂಡಕ್ಕ, ನಿಲ್ಲಿಸಿದಾರೆ."

ಎಲ್ಲರೂ ನಕ್ಕೆವು. ನಕ್ಕ ಮೇಲೆ ಇಲಾಖೆಗೆ ದೂರು ಬರೆದೆ. ಅದನ್ನು ಮೆತ್ತಗೆ ಬರೆಯಲಿಲ್ಲ.

ಜೂನ್ 19, ಬುಧವಾರ

ದೂರಿಗೆ ಉತ್ತರ ಬಂತು. ಅದನ್ನು ಓದಿದವನೂ ನುಣುಪಪ್ಪನೇ. "ಪ್ರತಿಷ್ಠಾನಕ್ಕೂ ಕಾರ್ಖಾನೆಗೂ ಬಾಗಿಲು ಬೇರೆ ಬೇರೆ."

"ಮನೆ ಒಂದೇ ತಾನೆ?" ಅಂದೆ. ಯಾರೂ ನಗಲಿಲ್ಲ.

ಡಾಕ್ಟರ ವಾಕ್ಯ ಮೆತ್ತಗಾಗಿ ಬಂದಿತ್ತು: "ಪೊಟ್ಟಣದ ತಿಂಡಿಯನ್ನು ಊಟದ ಬದಲು ಕೊಡುವಾಗ ಮಿತಿಯಿರಲಿ." ಎಲಾ! ಕೊಡಬೇಡಿ ಎಂದದ್ದು ಕೊಡುವುದು ಹೇಗೆ ಎಂದಾಗಿದೆ. ಸಕ್ಕರೆಯ ಸುದ್ದಿಯೇ ಇಲ್ಲ. ಇದು ಸಲಹೆಯಲ್ಲ, ಲಾರಿಗೆ ಬರೆದ ರಹದಾರಿ ಎಂದು ಕೂಗಿದೆ. ನುಣುಪಪ್ಪ ಹಾಡು ಕೇಳುವವನ ಹಾಗೆ ತಲೆದೂಗಿದ. "ಎಷ್ಟು ಒಳ್ಳೆ ಧ್ವನಿ ಅಮ್ಮ ನಿಮ್ಮದು! ಮುಂದಿನ ವಾರ ಆ ಹಳೇ ವಾಕ್ಯನ ನೀವೇ ಓದಿ. ಎಡವದೆ ಓದಿದ್ರೆ ಹಾಗೇ ಅಚ್ಚು ಹಾಕ್ಸೋಣ."

ಒಪ್ಪಿದೆ. ಎಲ್ಲರ ಎದುರು ಅವನಿಂದ ಮಾತು ತೆಗೆದುಕೊಂಡೆ.

ಒಂದು ಗಮನಿಸಿದೆ. ಒಬ್ಬರು ಓದುವಾಗ ಉಳಿದವರ ತುಟಿಗಳು ಸದ್ದಿಲ್ಲದೆ ಆಡುತ್ತವೆ. ಡಾಕ್ಟರದ್ದೂ.

ಜೂನ್ 22, ಶನಿವಾರ

ಅಭ್ಯಾಸ. ಅವರು ನೀರು ಕೊಡುವುದಿಲ್ಲ, ಬಾಯಿ ಒಣಗಿಸುತ್ತಾರೆ, ಆಟ ಅದು ತಾನೆ? ಒಣಗಿದ ಬಾಯಲ್ಲೇ ಗೆದ್ದು ತೋರಿಸುತ್ತೇನೆ. ಹೆಗಲ ಮೇಲೆ ಮೂಟೆ ಹೊತ್ತು ಓಡಿ ಅಭ್ಯಾಸ ಮಾಡಿದವನಿಗೆ ಬರಿಗೈ ಓಟ ಯಾವ ಲೆಕ್ಕ? ಹಾಗೆ, ಬಾಯಿ ತುಂಬ ಬಿಸ್ಕತ್ತು ಇಟ್ಟುಕೊಂಡು ವಾಕ್ಯ ಹೇಳುತ್ತಿದ್ದೇನೆ. ಗುಂಡಕ್ಕ ಪಕ್ಕದಲ್ಲಿ ಕೂತು ಕೇಳಿ ಕೇಳಿ ತಾನೇ ಬಾಯಿಪಾಠ ಮಾಡಿಬಿಟ್ಟಳು.

ಪೊಟ್ಟಣ ಮುಗಿಯಿತು. ಕಿರಿಕ್‌ಳನ್ನು ಅಂಗಡಿಗೆ ಓಡಿಸಿ ಇನ್ನೊಂದು ತರಿಸಿದೆ. ಅವಳಿಗೂ ಒಂದೆರಡು ಕೊಟ್ಟೆ. ಅಭ್ಯಾಸಕ್ಕೆ ತಾನೆ.

ಜೂನ್ 24, ಸೋಮವಾರ

ಇಲಾಖೆ ಈ ವಾರ 'ಪ್ರಾಯೋಗಿಕ ವಾರ' ಎಂದಿದೆ. ಒಲೆ ಹಚ್ಚಬಾರದು. ಬೆಳಿಗ್ಗೆ ಲಾರಿ ಬಂತು, ಪ್ರತಿ ಮಗುವಿಗೂ ಒಂದು ಪೊಟ್ಟಣ.

ನಮ್ಮ ಊಟದ ಹಜಾರ ಮಧ್ಯಾಹ್ನ ಹೇಗಿರುತ್ತದೆ ಎಂದು ನನಗೆ ಗೊತ್ತು. ತಟ್ಟೆಯ ಸದ್ದು, ಜಗಳ, ನನಗೆ ಕಮ್ಮಿ ಅವನಿಗೆ ಜಾಸ್ತಿ, ಯಾರದೋ ಅಳು, ಯಾರದೋ ಬಿಕ್ಕಳಿಕೆ. ಬೀದಿಯ ಆಚೆಗೂ ಕೇಳುತ್ತದೆ. ಇವತ್ತು ಬಾಗಿಲಲ್ಲಿ ನಿಂತೆ. ಮಕ್ಕಳೆಲ್ಲ ಸಾಲಾಗಿ ಕೂತಿದ್ದಾರೆ. ಮಾತಿಲ್ಲ. ಒಣಗಿದ ಎಲೆಗಳ ಮೇಲೆ ಏನೋ ಹರಿದು ಹೋದ ಹಾಗೆ ಪೊಟ್ಟಣಗಳ ಪರಪರ ಮಾತ್ರ. ಎಲ್ಲರ ದವಡೆಯೂ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. ಮುಗಿದ ಮೇಲೂ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು.

ಕಿರಿಕ್ ಇನ್ನೊಂದು ಬೇಕೆಂದು ಕೈ ಚಾಚಿದಳು. ಕಿರಿಕ್ ಮಾಡಲಿಲ್ಲ.

ಗುಂಡಕ್ಕ ತಣ್ಣಗಿನ ಒಲೆಯ ಮೇಲೆ ಕೈಯಿಟ್ಟು ಕೂತಿದ್ದಳು. "ಜ್ವರ ಬಿಟ್ಟ ಮೈ ಅಲ್ಲ ಇದು," ಅಂದಳು, "ಜೀವ ಬಿಟ್ಟ ಮೈ."

ಜೂನ್ 26, ಬುಧವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಎದ್ದು ನಿಂತೇ ಓದಿದೆ. ಗಂಟಲು ಗಂಟೆಯ ಹಾಗಿತ್ತು. "ಪೊಟ್ಟಣದ ತಿಂಡಿ ಊಟವಲ್ಲ" ದಾಟಿದೆ. ಸಕ್ಕರೆ ದಾಟಿದೆ, ಉಪ್ಪು, ಎಣ್ಣೆ ದಾಟಿದೆ. "ಮಕ್ಕಳಿಗೆ ಊಟದ ಬದಲು ಅದನ್ನು" ತನಕ ಬಂದೆ. ಕೊನೆಯ ಪದ ಕಣ್ಣೆದುರಿಗೇ ಇತ್ತು. ಅಕ್ಷರ ಕಾಣುತ್ತಿತ್ತು, ಅರ್ಥ ಗೊತ್ತಿತ್ತು, ಬೇಡಿ ಎನ್ನಲು ನಾಲಿಗೆ ಮೇಲೇಳಲಿಲ್ಲ. ಬಾಯಲ್ಲಿ ಆಗ ಬಿಸ್ಕತ್ತೂ ಇರಲಿಲ್ಲ!

 ಆಮೇಲೆ ಮೇಜಿನ ಸುತ್ತ ಕೂತವರೆಲ್ಲ ಒಂದೇ ಉಸಿರಿನಲ್ಲಿ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ, ನನ್ನ ವಾಕ್ಯವನ್ನು ಮುಗಿಸಿದರು: "ಕೊಡುವಾಗ ಮಿತಿಯಿರಲಿ."

ನುಣುಪಪ್ಪ ಗುರುತು ಹಾಕಲಿಲ್ಲ. ನನ್ನ ತಟ್ಟೆಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದ.

ಜೂನ್ 29, ಶನಿವಾರ

ಗುಂಡಕ್ಕ ಬೈದಳು. "ಕುರ್ಚಿ ಬಿಟ್ಟು ಎದ್ದು ಬಾ. ಮತ್ತೆ ಗೇಟಿಗೆ ಕೂರೋಣ." ಅವಳಿಗೆ ತಂತ್ರ ಗೊತ್ತಿಲ್ಲ. ಕುರ್ಚಿ ಬಿಟ್ಟರೆ ಇರುವ ಒಂದು ಬಾಯೂ ಹೋಯಿತು. ಹೋರಾಟದಲ್ಲಿ ಒಂದು ಹೆಜ್ಜೆ ಹಿಂದೆ ಇಡುವುದೂ ಹೆಜ್ಜೆಯೇ. ಮಿತಿ ಎಂಬ ಪದ ಉಳಿದಿದೆ, ಅದನ್ನು ಗಟ್ಟಿ ಮಾಡಿಕೊಳ್ಳಬೇಕು. ನಾನೇ ಒಂದು ವಾಕ್ಯ ಕಟ್ಟುತ್ತೇನೆ. ಕಟ್ಟುವ ಕೈ ನಮ್ಮದಾದರೆ ಮಾತೂ ನಮ್ಮದು.

ಜುಲೈ 3, ಬುಧವಾರ

ನನ್ನ ವಾಕ್ಯವನ್ನು ಸಭೆ ಒಪ್ಪಿತು: "ಎಲ್ಲವೂ ಇರಲಿ, ಮಿತಿಯಲ್ಲಿರಲಿ." ಮೇಜಿನ ಸುತ್ತ ಎಲ್ಲರೂ ಓದಿದರು. ಒಬ್ಬರೂ ಎಡವಲಿಲ್ಲ. ಬೆಣ್ಣೆಯ ಮೇಲೆ ಚಾಕು ಇಳಿದ ಹಾಗೆ. ಚಪ್ಪಾಳೆ ಬಿತ್ತು. ನುಣುಪಪ್ಪ, "ಇಷ್ಟು ದಿನ ನಾನು ಹುಡುಕ್ತಿದ್ದ ವಾಕ್ಯ ನಿಮ್ಮ ಹತ್ರ ಇತ್ತಲ್ಲ ಅಮ್ಮ!" ಅಂದ. ಕೆಟ್ಟವನಲ್ಲ, ಕೆಲಸ ಬಲ್ಲವನು.

ಸಂಜೆ ಗುಂಡಕ್ಕನ ಮನೆಗೆ ಹೋಗಿ ಹೇಳಿದೆ. ಕೇಳಿ ಅವಳು ಸೌಟು ಕೆಳಗಿಟ್ಟಳು. "ಇಲಿ ಪಾಷಾಣಾನೂ ಇರಲಿ, ಮಿತಿಯಲ್ಲಿರಲಿ. ಅಲ್ವೇನೇ?"

ಅವಳ ಧ್ವನಿ ಯಾಕಿಷ್ಟು ಜೋರು? ಕಿವಿ ನೋಯುತ್ತದೆ.

ಜುಲೈ 10, ಬುಧವಾರ

ಒಳ್ಳೆಯ ಸಭೆ. ಯಾರೂ ಎಡವಲಿಲ್ಲ.

ಜುಲೈ 15, ಸೋಮವಾರ

ಬಸ್ ನಿಲ್ದಾಣದಲ್ಲಿ ಡಾಕ್ಟರು ಸಿಕ್ಕರು. ನಲ್ಲಿಯ ಹತ್ತಿರ ಬಾಗಿ ಬಾಯಿ ಮುಕ್ಕಳಿಸುತ್ತಿದ್ದರು, ಉಗುಳುತ್ತಿದ್ದರು, ಮತ್ತೆ ಮುಕ್ಕಳಿಸುತ್ತಿದ್ದರು. ನನ್ನನ್ನು ಕಂಡು ಮುಂಗೈ ಹಿಡಿದರು. 

"ಪೊಟ್ಟಣ ತಿಂದ ಮಕ್ಕಳು ಊದ್ತಿದಾರಮ್ಮ, ಮೈಯಲ್ಲಿ ರಕ್ತ ಇಲ್ಲ. ದಿನಾ ನೋಡ್ತಿದೀನಿ. ಸಮಿತಿ ಬಿಡ್ತೀನಿ ಅಂತ ಹೇಳಕ್ಕೆ ಮೂರ್ಸಲ ಮೇಲೆ ಹೋದೆ. ಬಾಯಿ ಬಿಟ್ರೆ ಧನ್ಯವಾದ ಅಂತ ಬರುತ್ತೆ. ಧನ್ಯವಾದ ಅಂತ ಹೇಳಿ ಇಳಿದು ಬರ್ತೀನಿ."

"ನಿಮಗೆ ವಿಶ್ರಾಂತಿ ಬೇಕು ಸಾರ್," ಅಂದೆ.

"ನೀನೂ ಬಾಯಿ ತೊಳ್ಕೊಮ್ಮ," ಅಂದರು. "ಇಲ್ಲೇ, ಈಗಲೇ."

ಬಸ್ ಬಂತು. ಹತ್ತಿದೆ. ವಯಸ್ಸಾದವರಿಗೆ ಇಂಥದ್ದೆಲ್ಲ ಸಹಜ. ಅವರು ಹೇಳಿದ್ದು ಒಂದು ಅಭಿಪ್ರಾಯ. ಬೇರೆ ಅಭಿಪ್ರಾಯಗಳೂ ಇವೆ.

ಜುಲೈ 18, ಗುರುವಾರ

ಮಗಳಿಗೆ ಹೊಟ್ಟೆನೋವು. ಶಾಲೆಯ ನರ್ಸು ಬಂದು ತೂಕ ನೋಡಿದರು. ಪ್ರಾಯೋಗಿಕ ವಾರವನ್ನು ಮುಂದುವರಿಸಿದ ಮೇಲೆ ಹೆಚ್ಚಿದೆಯಂತೆ. ಉಗುರು ಒತ್ತಿ ನೋಡಿ, ಬಿಳಿಚಿಕೊಂಡಿದ್ದಾಳೆ ಅಂದರು. ಈಗ ತುಂಬ ಒಳ್ಳೆಯ ಹುಡುಗಿಯಾಗಿದ್ದಾಳೆ. ಯಾವುದಕ್ಕೂ ತಕರಾರಿಲ್ಲ, ಕೊಟ್ಟದ್ದು ತಿನ್ನುತ್ತಾಳೆ.

ಸಂಜೆ ನನ್ನ ಮುಂದೆ ಬಂದು ನಿಂತಳು. ಕೈಯಲ್ಲಿ ತೆರೆದ ಪೊಟ್ಟಣ. "ಅಮ್ಮಾ, ಬೈ."

"ಯಾಕೆ ಕಂದಾ?"

"ಮೊದ್ಲು ಬೈತಿದ್ದೆ. ಕಿತ್ಕೊಂಡು ಬಿಸಾಕ್ತಿದ್ದೆ. ಈಗ್ಲೂ ಬೈ."

"ಬೈಯೋದು ಯಾಕೆ? ಆಯ್ಕೆ ನಿಂದು. ಮಿತಿಯಲ್ಲಿರಲಿ."

ಅವಳು ಅಲ್ಲೇ ನಿಂತು ಅಳುತ್ತಾ ತಿಂದಳು. ಅಳುವುದೂ ಸದ್ದಿಲ್ಲದೆ. ಮಕ್ಕಳು ಆಟವಾಡಬೇಕು. ಓಡಾಟ ಕಡಿಮೆಯಾದರೆ ಹೀಗಾಗುತ್ತದೆ. ಪುಸ್ತಿಕೆಗೆ ಇದೂ ಒಂದು ವಾಕ್ಯ.

ಜುಲೈ 24, ಬುಧವಾರ

ಕರಡು ಪೂರ್ಣಗೊಂಡಿತು. "ಎಲ್ಲವೂ ಇರಲಿ, ಮಿತಿಯಲ್ಲಿರಲಿ" ಮುಖಪುಟದಲ್ಲಿದೆ. "ಮಕ್ಕಳು ಓಡಲಿ, ನಗಲಿ" ಹಿಂಬದಿಯಲ್ಲಿದೆ. ನಡುವೆ ಬಣ್ಣದ ಚಿತ್ರಗಳಿವೆ. ಅಧ್ಯಕ್ಷರು ಮುನ್ನುಡಿ ಓದಿದರು. ಧನ್ಯವಾದ ಎಂಬ ಪದ ಹಲವು ಬಾರಿ ಬಂತು. ಓದುವಾಗ ಅವರ ಕಣ್ಣಿನಿಂದ ನೀರು ಬರುತ್ತಿತ್ತು. ಕೋಣೆಯಲ್ಲಿ ಗಾಳಿ ಕಡಿಮೆ.

ಪುಸ್ತಿಕೆಯ ಆಧಾರದ ಮೇಲೆ ಅಡುಗೆಮನೆಗಳಿಗೆ ವಿಶ್ರಾಂತಿ ನೀಡಲಾಗುವುದು.

ಸಲಹೆಗಾರರು ಇವತ್ತು ಮೊದಲ ಬಾರಿಗೆ ಕೂತರು. ನನ್ನ ಕುರ್ಚಿಯಲ್ಲಿ. ನಾನು ಎದ್ದು ಮೇಜಿನ ಸುತ್ತ ನಡೆದೆ. ಹಾಯಾಗಿತ್ತು.

ಜುಲೈ 31, ಬುಧವಾರ

ಈ ಡೈರಿಯ ಮೊದಲ ಪುಟಗಳನ್ನು ಗಟ್ಟಿಯಾಗಿ ಓದಲು ನೋಡಿದೆ. ಪ್ರತಿ ಸಾಲಿನಲ್ಲೂ ನಾಲಿಗೆ ಎಡವಿತು. ಯಾಕೆ ಇಷ್ಟು ಒರಟಾಗಿ ಬರೆದಿದೆ? ಸೌಟು, ಬಿಸಿಲು, ಗುತ್ತಿಗೆ, ಬೀಗ. ಪೆನ್ಸಿಲು ತಂದು ಗುರುತು ಹಾಕಿದೆ. ಗುರುತಿಲ್ಲದ ಸಾಲು ಉಳಿಯಲಿಲ್ಲ.

ಆಗಸ್ಟ್ 2, ಶುಕ್ರವಾರ

ಸಂಜೆ ಹಿರಿಯ ಅಡುಗೆ ಸಹಾಯಕಿ ಮನೆಗೆ ಬಂದರು. ಗುಂಡಕ್ಕ ಎಂದು ಕರೆಯುವುದುಂಟು. ಹಿಂದೆ ಬೇರೆ ಬೇರೆ ಶಾಲೆಗಳ ಅಡುಗೆಯವರು, ಬೀದಿಯ ತಿರುವಿನ ತನಕ. ಅಡುಗೆಮನೆಗಳ ಬೀಗ ತೆಗೆಯಬೇಕು ಎಂಬ ಮನವಿ ತಂದಿದ್ದರು. ಕೆಳಗೆ ಹೆಬ್ಬೆಟ್ಟಿನ ಗುರುತುಗಳು, ಸಹಿಗಳು. ಎಲ್ಲಕ್ಕಿಂತ ಮೇಲೆ ಡಾಕ್ಟರ ಸಹಿ. ಬಾಯಿಂದ ಹೇಳಲಾಗದ್ದನ್ನು ಅವರು ಬರೆದು ಕೊಟ್ಟಿದ್ದಾರಂತೆ.

ಮನವಿಯನ್ನು ಸ್ವೀಕರಿಸಲು ಒಂದು ವಿಧಾನವಿದೆ ಎಂದು ಮೃದುವಾಗಿ ತಿಳಿಸಿದೆ. ಕೊಟ್ಟವರೇ ಒಂದೊಂದು ವಾಕ್ಯ ಓದಬೇಕು. ಎಡವಿದರೆ ಗುರುತು ಹಾಕಲಾಗುತ್ತದೆ. ಓದಿಸುವ ಹೊಣೆಯನ್ನು ಇಲಾಖೆ ನನಗೆ ನೀಡಿದೆ.

"ಓ, ಮೇಜಿನ ಸುತ್ತ ನಡೆಯೋಳು ಈಗ ನೀನಾ?" ಅಂದರು ಅವರು. ಆಮೇಲೆ ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. "ಅಯ್ಯೋ ನನ್ನವ್ವ. ಎಲ್ಲಿ ಹೋದ್ಯೇ ನೀನು?"

"ಇಲ್ಲೇ ಇದ್ದೇನೆ," ಅಂದೆ.

"ನಂಗೆ ಓದಕ್ಕೆ ಬರಲ್ಲ, ಗೊತ್ತಲ್ಲ. ಕಾಗದ ಮುಂದಿಟ್ರೂ ಅಷ್ಟೆ, ಕಿತ್ಕೊಂಡ್ರೂ ಅಷ್ಟೆ. ನಾನು ಬಾಯಲ್ಲಿ ಹೇಳೋಳು. ಮೆತ್ತಗೆ ಮಾಡ್ಬೇಕಂದ್ರೆ ನನ್ನೇ ಮೆತ್ತಗೆ ಮಾಡ್ಬೇಕು." ಹಾಗೆಂದು ಹೊಸ್ತಿಲಲ್ಲೇ ನಿಂತು ಡಾಕ್ಟರ ಆ ಹಳೆಯ ವಾಕ್ಯವನ್ನು ಹೇಳಿದರು. ಪೂರ್ತಿ ಹೇಳಿದರು. ಬೀದಿಯಲ್ಲಿದ್ದವರೂ ಹೇಳಿದರು. ಕಿಟಕಿಯ ಗಾಜು ಅದುರಿತು. ಅದನ್ನು ಮುಚ್ಚಿದೆ.

ಮುಚ್ಚಿ ಬರುವಷ್ಟರಲ್ಲಿ ಮಗಳು ಚಪ್ಪಲಿ ಹಾಕಿಕೊಂಡಿದ್ದಳು. "ಗುಂಡಕ್ಕನ ಮನೇಲಿ ಬೇಳೆ ಬೇಯ್ತಿದೆಯಂತೆ. ಹೋಗ್ತೀನಿ. ಸೋಮವಾರದ ತನಕ ಅಲ್ಲೇ ಇರ್ತೀನಿ." ಕೈಯಲ್ಲಿದ್ದ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು. ಆಯ್ಕೆ ಅವಳದು ಎಂದೆ. ಆ ಮಾತನ್ನು ಎರಡು ಸಲ ಹೇಳಬೇಕಾಯಿತು. ಎಡವಿದೆನೋ ಏನೋ. ಯಾರೂ ಗುರುತು ಹಾಕಲಿಲ್ಲ.

ಕಾಗದವಿಲ್ಲದೆ ಹೇಳುವವರಿಗೆ ವಿಧಾನದಲ್ಲಿ ಏನಿದೆ ಎಂದು ಸಲಹೆಗಾರರನ್ನು ಫೋನಿನಲ್ಲಿ ಕೇಳಿದೆ.  ಅಂಥದ್ದು ಇದುವರೆಗೆ ಬಂದಿಲ್ಲ, ತಾವೂ ಬರುವುದಾಗಿ ಹೇಳಿದರು. ಬಿಸ್ಕತ್ತಿನ ಪೆಟ್ಟಿಗೆಗಳನ್ನು ಮೊದಲೇ ಕಳಿಸುತ್ತಾರೆ.

ಮನವಿ ಓದಿಸುವ ಸಭೆ: ಆಗಸ್ಟ್ 5, ಸೋಮವಾರ, ಮಧ್ಯಾಹ್ನ ಮೂರು ಗಂಟೆ, ಶಾಲೆಯ ಅಡುಗೆಮನೆ. ಮೊದಲ ಸರದಿ ಗುಂಡಕ್ಕನದು.